ಕುದುರೆ ಹಾಯ್ದ ದಾರಿ

ತರಗತಿಯಲ್ಲಿ ಹುಡುಗರು ನಕ್ಕಾಗ ಅಧ್ಯಾಪಕನಾದವನಿಗೆ ಎರಡು ದಾರಿಗಳುಂಟು. ನಗೆಯನ್ನು ತಡೆಯಬಹುದು, ಇಲ್ಲವೆ ತಾನೂ ಅದರಲ್ಲಿ ಸೇರಿಕೊಳ್ಳಬಹುದು. ಕೆಲವು ವರ್ಷಗಳ ಕೆಳಗೆ ಒಂದು ದಿನ ನಾನು ಎರಡನೆಯ ದಾರಿಯನ್ನು ಹಿಡಿದೆ. ಅದಕ್ಕಾಗಿ ಇಂದಿಗೂ ನನಗೆ ನಾಚಿಕೆಯಿದೆ.

ಆಗ ನಾನು ಕುಮಟೆಯ ಕಡೆ ಕನ್ನಡ ಪಾಠ ಹೇಳುತ್ತಿದ್ದೆ. ಅಂದಿನ ಪಾಠ ಹಳಗನ್ನಡದ ಒಂದು ಯುದ್ಧವರ್ಣನೆ. ವೀರನೊಬ್ಬನು ಶತ್ರುಸೇನೆಯ ಮೇಲೆ ‘ಕುದುರೆಯಂ ಪಾಯಿಸಿದಂ’ ಎಂಬ ಮಾತು ಬಂದಿತು. ನಾನು ಸೀಮೆಸುಣ್ಣವನ್ನು ಕೈಗೆತ್ತಿಕೊಂಡು, “ಪಾಯ್ ಎಂದರೆ ಲಂಘಿಸು; ಪಾಯಿಸು ಎಂದರೆ ಲಂಘನ ಮಾಡಿಸು” ಎಂದು ಹಲಗೆಯ ಮೇಲೆ ಬರೆದೆ. ವಿದ್ಯಾರ್ಥಿಗಳು ಬರೆದುಕೊಂಡರು. ಅಷ್ಟರಲ್ಲಿ ಹೊನ್ನಾವರದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳದು ಅಡಿಕೆ ತೋಟದ ಮನೆತನ. “ನಾವು ತೋಟಕ್ಕೆ ನೀರು ಹಾಯಿಸುತ್ತೇವಲ್ಲ ಸಾರ್, ಆ ಹಾಯಿಸುವುದೇ ಇದು?” ಎಂದು ಕೇಳಿದಳು.

ಹಿಂದಿನ ಬೆಂಚಿನಿಂದ ಯಾರೋ, “ಹಾಗಾದರೆ ಕುದುರೆಯನ್ನು ಕಾಲುವೆಯಲ್ಲಿ ಬಿಟ್ಟನೇನು?” ಎಂದರು. ತರಗತಿಯೆಲ್ಲ ನಕ್ಕಿತು. ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. “ತೋಟದ ಕನ್ನಡವನ್ನು ತೋಟದಲ್ಲಿಯೇ ಬಿಟ್ಟು ಬಾರಮ್ಮ; ಇದು ರಣರಂಗ” ಎಂದುಬಿಟ್ಟೆ. ನಗೆ ಇಮ್ಮಡಿಯಾಯಿತು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಆ ವರ್ಷ ಅವಳು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ರಾತ್ರಿ ಏನೋ ಅಸಮಾಧಾನವಾಗಿ ನಿಘಂಟನ್ನು ತೆರೆದೆ. ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಅಚ್ಚು ಹಾಕಿದ ಕಿಟೆಲರ ನಿಘಂಟು ಕನ್ನಡದ ಅಧ್ಯಾಪಕರಿಗೆಲ್ಲ ಹಳೆಯ ನೆಂಟ. ‘ಪಾಯ್’ ಎಂಬಲ್ಲಿ ನೆಗೆ, ಮುನ್ನುಗ್ಗು, ಮೇಲೆ ಬೀಳು, ಕೊಂಬಿನಿಂದ ಇರಿ, ದಾಟು ಎಂಬ ಅರ್ಥಗಳೆಲ್ಲ ಸಾಲಾಗಿ ನಿಂತಿದ್ದವು. ಅದರ ಹೊಸಗನ್ನಡದ ರೂಪವೇ ‘ಹಾಯ್’, ‘ಹಾಯು’. ಹುಡುಗಿ ಹೇಳಿದ್ದು ಸರಿಯಾಗಿತ್ತು. ತಪ್ಪು ನನ್ನದಾಗಿತ್ತು.

ಪಕಾರ ಹೋಗಿ ಹಕಾರ ಬಂದಿತು

ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು. ಹಾಗೆಯೇ ಪಾಯ್ ಎಂಬುದು ಹಾಯ್ ಆಯಿತು. ಪಾಯ್ದು ಎಂಬುದು ಹಾಯ್ದು ಎಂದಾಗಿ, ಇನ್ನೂ ಸವೆದು ಹಾದು ಎಂದಾಯಿತು. ಇಂದು ನಾವು ‘ಈ ದಾರಿಯಲ್ಲಿ ಹಾದುಹೋದೆ’ ಎನ್ನುವಾಗ ನಮ್ಮ ಕಾಲಡಿಯಲ್ಲಿ ಒಂದು ಕುದುರೆಯ ನೆಗೆತ ಅಡಗಿದೆಯೆಂದು ಯಾರಿಗೆ ತೋರೀತು?

ನೆರೆಯ ಭಾಷೆಗಳನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ತಮಿಳಿನಲ್ಲಿ ಪಾಯ್ ಎಂದರೆ ನೆಗೆ, ನುಗ್ಗು, ಹರಿ. ತಮಿಳು ಕವಿಗಳು ಕುದುರೆಯನ್ನು ‘ಪಾಯ್ಮಾ’ ಎಂದು ಕರೆದರು. ಪಾಯುವ ಪ್ರಾಣಿ ಎಂದರ್ಥ. ಅದೇ ತಮಿಳಿನಲ್ಲಿ ಗದ್ದೆಗೆ ನೀರು ಹಾಯಿಸುವುದನ್ನು ‘ಪಾಯ್ಚ್ಚು’ ಎನ್ನುತ್ತಾರೆ. ಮಲೆಯಾಳದಲ್ಲಿ ‘ಪಾಯುಕ’ ಎಂದರೆ ಓಡುವುದು. ಯುದ್ಧದ ಕುದುರೆ ಮತ್ತು ತೋಟದ ನೀರು ಒಂದೇ ಕ್ರಿಯಾಪದದ ಮಕ್ಕಳೆಂಬುದನ್ನು ನೆರೆಯವರು ಮರೆಯಲಿಲ್ಲ; ಪದವಿ ಪಡೆದ ನಾನು ಮರೆತಿದ್ದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ನೆಗೆಯುವುದಕ್ಕೆ ಕನ್ನಡದಲ್ಲಿ ಮಾತುಗಳು ಕಡಿಮೆಯಿಲ್ಲ. ಆದರೆ ಒಂದೊಂದರ ನಡೆಯೂ ಬೇರೆ. ‘ನೆಗೆ’ ಎಂಬುದು ಮೇಲಕ್ಕೆ ಏಳುವುದು. ‘ಕುಪ್ಪಳಿಸು’ ಎಂದರೆ ಕಾಲು ಕೂಡಿಸಿ ಪುಟಿಯುವುದು. ‘ದಾಂಟು’ ಎಂದರೆ ಒಂದನ್ನು ಹಿಂದಕ್ಕೆ ಬಿಡುವುದು. ‘ಪಾಯ್’ ಎಂಬುದಾದರೋ ಮುಂದಕ್ಕೆ ಚಿಮ್ಮುವುದು. ಅದರಲ್ಲಿ ವೇಗವಿದೆ, ಗುರಿಯಿದೆ, ನಡುವೆ ಅಡ್ಡವಾಗಿರುವುದನ್ನು ಲೆಕ್ಕಿಸದ ಎದೆಗಾರಿಕೆಯಿದೆ. ಲಗಾಮು ಸಡಿಲಿಸಿ ಕುದುರೆಯನ್ನು ಬಿಟ್ಟ ರಾವುತನಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದವಿಲ್ಲ.

ನಾನು ಹಲಗೆಯ ಮೇಲೆ ಬರೆದ ‘ಲಂಘನ’ ತಪ್ಪೇನಲ್ಲ. ಆದರೆ ಅದು ಮಾಡಿದ ಅನಾಹುತ ಪರೀಕ್ಷೆಯ ಹೊತ್ತಿಗೆ ತಿಳಿಯಿತು. ಮನೆಮನೆಯಲ್ಲಿ ಇಂದು ಲಂಘನವೆಂದರೆ ವೈದ್ಯರು ಹೇಳುವ ಉಪವಾಸ. ಒಬ್ಬ ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯಲ್ಲಿ, ವೀರನು ಯುದ್ಧಕ್ಕೆ ಮೊದಲು ಕುದುರೆಯನ್ನು ಉಪವಾಸ ಕೆಡವಿದನೆಂದು ಬರೆದಿದ್ದ! ನಾನು ನಕ್ಕೆ, ನಗುತ್ತಲೇ ಮುಂದಿನ ಪತ್ರಿಕೆಯನ್ನು ತೆಗೆದೆ. ಅದು ಆ ಹುಡುಗಿಯದು. ಆ ಪ್ರಶ್ನೆಗೆ ಅವಳು ಉತ್ತರವನ್ನೇ ಬರೆದಿರಲಿಲ್ಲ. ಗೆರೆ ಹಾಕಿ ಜಾಗ ಬಿಟ್ಟಿದ್ದಳು. ಸರಿಯಾದ ಉತ್ತರ ಗೊತ್ತಿದ್ದವಳು ಸುಮ್ಮನಿದ್ದಳು. ಗುರುವನ್ನು ನಂಬಿದವನು ಕುದುರೆಗೆ ಹಸಿವು ಕೊಟ್ಟನು.

ಕಡಲ ದಾರಿಯಲ್ಲಿ ಬಂದ ಕುದುರೆಗಳು

ಈ ತಪ್ಪು ನಡೆದ ಸ್ಥಳವನ್ನು ನೆನೆದಾಗ ನನ್ನ ನಾಚಿಕೆ ಇನ್ನಷ್ಟು ಹೆಚ್ಚುತ್ತದೆ. ಏಕೆಂದರೆ ಭಟ್ಕಳ, ಹೊನ್ನಾವರಗಳ ಈ ಕರಾವಳಿಗೂ ಕುದುರೆಗೂ ಇದ್ದ ನಂಟು ಸಾಮಾನ್ಯವಾದುದಲ್ಲ.

ದಕ್ಷಿಣ ದೇಶದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆಗಳು ಬೆಳೆಯುವುದು ಕಷ್ಟ. ಆದುದರಿಂದ ಅರಸರು ಅರಬಸ್ಥಾನ, ಪಾರಸಿಗಳ ಕಡೆಯ ಕುದುರೆಗಳನ್ನು ಕಡಲ ದಾರಿಯಲ್ಲಿ ತರಿಸುತ್ತಿದ್ದರು. ವಿಜಯನಗರದ ಕಾಲದಲ್ಲಿ ಭಟ್ಕಳವು ಈ ವ್ಯಾಪಾರದ ಮುಖ್ಯ ಬಾಗಿಲುಗಳಲ್ಲೊಂದು. 16ನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸನು, ಹೊರ್ಮುಜಿನ ಹಡಗುಗಳು ಕುದುರೆಗಳನ್ನು ತಂದು ಭಟ್ಕಳದಲ್ಲಿ ಇಳಿಸಿ, ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು ಹೇಳಿದ್ದಾನೆ. ಹೀಗೆ ಇಳಿದ ಕುದುರೆಗಳು ಘಟ್ಟವನ್ನು ಹತ್ತಿ ರಾಜಧಾನಿಯನ್ನು ಸೇರುತ್ತಿದ್ದವು.

ಕುದುರೆಗಾಗಿ ಅರಸರು ಎಷ್ಟು ಹಂಬಲಿಸುತ್ತಿದ್ದರೆಂಬುದಕ್ಕೆ ಫೆರ್ನಾವೊ ನೂನಿಜನ ಬರವಣಿಗೆಯೇ ಸಾಕ್ಷಿ. 1535ರ ಸುಮಾರಿನಲ್ಲಿ ವಿಜಯನಗರದ ಇತಿಹಾಸವನ್ನು ಬರೆದ ಈತ ಸ್ವತಃ ಕುದುರೆಯ ವ್ಯಾಪಾರವನ್ನು ಬಲ್ಲವನು. ಸಾಳುವ ನರಸಿಂಹನು ಸಾವಿರ ಪರ್ದಾವುಗಳಿಗೆ ಮೂರು ಕುದುರೆಗಳಂತೆ ಕೊಳ್ಳುತ್ತಿದ್ದನಂತೆ. ಬದುಕಿರಲಿ, ಸತ್ತಿರಲಿ, ಹಣ ಒಂದೇ! ನಡುಗಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ವರ್ತಕನಿಗೆ ಪೂರ್ತಿ ಬೆಲೆ ಸಲ್ಲುತ್ತಿತ್ತು. ಬಾಲಕ್ಕೆ ಬೆಲೆ ಕೊಟ್ಟ ಅರಸನನ್ನು ಕಂಡು ನಾವು ನಗಬಹುದು. ಆದರೆ ಕುದುರೆ ಸತ್ತರೆ ವರ್ತಕ ಕೆಡುತ್ತಾನೆ, ವರ್ತಕ ಕೆಟ್ಟರೆ ಮರುವರ್ಷದ ಹಡಗು ಬರುವುದಿಲ್ಲ, ಹಡಗು ಶತ್ರುವಿನ ಬಂದರಿಗೆ ತಿರುಗುತ್ತದೆ ಎಂಬ ಲೆಕ್ಕ ಆತನಿಗೆ ಚೆನ್ನಾಗಿ ಗೊತ್ತಿತ್ತು. ಕೃಷ್ಣದೇವರಾಯನೂ ತನ್ನ ತೆಲುಗು ಕಾವ್ಯವಾದ ‘ಆಮುಕ್ತಮಾಲ್ಯದ’ದಲ್ಲಿ, ಆನೆ ಕುದುರೆಗಳನ್ನು ತರುವ ದೂರದ ವರ್ತಕರನ್ನು ಆದರಿಸಿ ತನ್ನವರನ್ನಾಗಿ ಮಾಡಿಕೊಳ್ಳಬೇಕೆಂದು ರಾಜನೀತಿಯನ್ನು ಹೇಳಿದ್ದಾನೆ.

ಪೋರ್ಚುಗೀಸರಿಗೂ ಈ ಲೆಕ್ಕ ತಿಳಿದಿತ್ತು. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕನು ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟುಮಾಡಿದನು. 1565ರಲ್ಲಿ ರಕ್ಕಸ-ತಂಗಡಿಯ ಯುದ್ಧವಾಗಿ ವಿಜಯನಗರವು ಬಿದ್ದ ಮೇಲೆ ಭಟ್ಕಳದ ಆ ಹಳೆಯ ಗಿರಾಕಿಯೂ ಇಲ್ಲವಾದನು. ವ್ಯಾಪಾರಕ್ಕಾಗಿ ಬಂದು ಇಲ್ಲಿಯವರೇ ಆಗಿಹೋದ ಅರಬ ವರ್ತಕರ ಸಂತತಿಯೆನಿಸಿದ ನವಾಯತರು ಇಂದಿಗೂ ಭಟ್ಕಳದಲ್ಲಿದ್ದಾರೆ. ಅವರಾಡುವ ಕೊಂಕಣಿಯಲ್ಲಿ ಅರಬಿ, ಪಾರಸಿ ಮಾತುಗಳು ಬೆರೆತಿವೆ. ಕುದುರೆಯ ಹಡಗುಗಳು ಮಾತ್ರ ಮತ್ತೆ ಬರಲಿಲ್ಲ.

ಸಾಮಾನು ಹೊರಗಿನದು, ಕ್ರಿಯೆ ಮನೆಯದು

ಕುದುರೆಯೊಡನೆ ಅದರ ಮಾತುಗಳೂ ಬಂದವು. ಜೀನು, ಲಗಾಮು, ರಿಕಾಪು, ಚಾಬೂಕು, ಸವಾರ ಎಂಬ ಪದಗಳೆಲ್ಲ ಅರಬಿ-ಪಾರಸಿಗಳಿಂದ ಬಂದವು. ಇವುಗಳಿಗಿಂತ ಹಿಂದೆಯೇ ಸಂಸ್ಕೃತ, ಪ್ರಾಕೃತಗಳ ದಾರಿಯಲ್ಲಿ ಹಲ್ಲಣ, ರಾವುತ ಎಂಬವು ಬಂದಿದ್ದವು. ರಾಜಪುತ್ರನೇ ಸವೆದು ರಾವುತನಾದನು. ಇನ್ನೂ ವಿಚಿತ್ರವೆಂದರೆ, 12ನೆಯ ಶತಮಾನದ ಹೇಮಚಂದ್ರನ ಸಂಸ್ಕೃತ ಕೋಶದಲ್ಲಿ ಕುದುರೆಯ ಬಣ್ಣಗಳಿಗೆ ಕೋಕಾಹ, ಖೋಂಗಾಹ, ಸೇರಾಹ ಎಂಬ ಹೆಸರುಗಳಿವೆ. ಇವು ಸಂಸ್ಕೃತದ ನುಡಿಗಳಂತೆ ಕೇಳಿಸುವುದೇ ಇಲ್ಲ. ಕುದುರೆಯ ವರ್ತಕರ ಬಾಯಿಂದ ಬಂದವೆಂದು ವಿದ್ವಾಂಸರ ಅಭಿಪ್ರಾಯ.

ಹೀಗೆ ಬೆನ್ನ ಮೇಲಿನ ಜೀನು, ಬಾಯೊಳಗಿನ ಲಗಾಮು, ಮೈಯ ಬಣ್ಣ, ಏರಿದ ಸವಾರ ಎಲ್ಲವೂ ಹೊರಗಿನ ಮಾತುಗಳೇ. ಆದರೆ ಕುದುರೆಯ ಕಾಲು ನೆಲವನ್ನು ಬಿಟ್ಟೊಡನೆ ಮಾತು ಅಚ್ಚಗನ್ನಡವಾಗುತ್ತದೆ! ಪಾಯ್ ಎಂಬುದು ಕನ್ನಡ, ನೆಗೆ ಎಂಬುದು ಕನ್ನಡ. ನಾಲ್ಕು ಕಾಲುಗಳನ್ನೂ ಎತ್ತಿ ಓಡುವ ಓಟ ‘ನಾಗಾಲೋಟ’; ಅದೂ ಕನ್ನಡವೇ. ಅಷ್ಟೇ ಏಕೆ, ‘ಕುದುರೆ’ ಎಂಬ ಹೆಸರನ್ನೇ ನೆಗೆಯುವುದು ಎಂಬರ್ಥದ ‘ಕುತಿ’ ಎಂಬ ತಮಿಳು ಧಾತುವಿಗೆ ಸಂಬಂಧಿಸಿದುದೆಂದು ಹೇಳುವ ಪಂಡಿತರಿದ್ದಾರೆ. ಸಾಮಾನು ಹಡಗಿನಲ್ಲಿ ಬರುತ್ತದೆ, ಹೆಸರನ್ನೂ ಜೊತೆಯಲ್ಲಿ ತರುತ್ತದೆ. ಅದರಿಂದ ನಾವು ಮಾಡುವ ಕೆಲಸಕ್ಕೆ ಮಾತ್ರ ಮನೆಯ ಮಾತೇ ಬೇಕಾಗುತ್ತದೆ. ಬಸ್ಸು, ರೈಲು, ಫೋನು ಹೊರಗಿನವು. ಹತ್ತುವುದು, ಇಳಿಯುವುದು, ಮಾತಾಡುವುದು ನಮ್ಮವು.

ಕುದುರೆಯೂ ದೋಣಿಯೂ

ಸಂಸ್ಕೃತದ ಅಮರಕೋಶವು ಕುದುರೆಯ ನಡೆಗಳನ್ನು ಐದಾಗಿ ವಿಂಗಡಿಸಿದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಕೊನೆಯದಾದ ಪ್ಲುತವೇ ನೆಗೆತ. ಇದು ‘ಪ್ಲು’ ಎಂಬ ಧಾತುವಿನಿಂದ ಹುಟ್ಟಿದುದು. ಈ ಧಾತುವಿಗೆ ನೆಗೆ ಎಂಬುದು ಒಂದು ಅರ್ಥವಾದರೆ, ನೀರಿನ ಮೇಲೆ ತೇಲು ಎಂಬುದು ಇನ್ನೊಂದು. ಆದುದರಿಂದಲೇ ‘ಪ್ಲವ’ ಎಂದರೆ ತೆಪ್ಪ. ‘ಪ್ಲವಂಗ’ ಎಂದರೆ ಕೋತಿ. ಪಂಚಾಂಗದ ಅರವತ್ತು ಸಂವತ್ಸರಗಳಲ್ಲಿ ಇವೆರಡೂ ಇವೆ. ಪ್ಲವ ಸಂವತ್ಸರವು 2021ರ ಯುಗಾದಿಯಂದು ಬಂದು ಹೋಯಿತು.

ವ್ಯಾಕರಣವನ್ನು ಓದಿದವರಿಗೆ ಇನ್ನೊಂದು ಪ್ಲುತವೂ ನೆನಪಾಗಬೇಕು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವರನ್ನು ಕೂಗುವಾಗ ಕೊನೆಯ ಸ್ವರವು ದೀರ್ಘವನ್ನೂ ಮೀರಿ ನೆಗೆಯುತ್ತದೆ. ಶರಾವತಿಯ ಈ ದಡದಲ್ಲಿ ನಿಂತು ಆ ದಡದ ಅಂಬಿಗನನ್ನು ಕೂಗಿದವರ ಬಾಯಿಂದ ಹೊರಟುದು ಈ ಪ್ಲುತವೇ.

ನೆಗೆಯುವುದು, ನೀರನ್ನು ದಾಟುವುದು — ಸಂಸ್ಕೃತದ ಪ್ಲು ಎಂಬಲ್ಲಿ ಕೂಡಿಕೊಂಡ ಈ ಎರಡು ಅರ್ಥಗಳು ಕನ್ನಡದ ಪಾಯ್ ಎಂಬಲ್ಲಿಯೂ ಕೂಡಿಕೊಂಡಿವೆ. ‘ಕುದುರೆ ಹಾಯ್ದಿತು’ ಎನ್ನುವ ಭಾಷೆಯೇ ‘ಹೊಳೆ ಹಾಯ್ದೆವು’ ಎಂದೂ ಹೇಳುತ್ತದೆ. ಎರಡು ಭಾಷೆಗಳ ಮನಸ್ಸು ಒಂದೇ ಬಗೆಯಲ್ಲಿ ಓಡಿದುದು ಸೋಜಿಗವಲ್ಲವೇ? ನೆಲ ಬಿಟ್ಟು, ನಡುವೆ ಆಸರೆಯಿಲ್ಲದೆ, ಮತ್ತೆ ನೆಲವನ್ನು ಮುಟ್ಟುವುದು ಎರಡಕ್ಕೂ ಸಾಮಾನ್ಯ. ಒಂದು ಕ್ಷಣಮಾತ್ರದ್ದು, ಇನ್ನೊಂದು ಅರ್ಧ ಗಳಿಗೆಯದು, ಅಷ್ಟೇ ಭೇದ.

ಈ ಎರಡು ಅರ್ಥಗಳೂ ಒಂದೇ ಗಳಿಗೆಯಲ್ಲಿ ಕೂಡಿಬಂದ ಪ್ರಸಂಗವೊಂದು ಚರಿತ್ರೆಯಲ್ಲಿ ದಾಖಲಾಗಿದೆ. ಅದು ನಮ್ಮ ಹೊನ್ನಾವರದವರದೇ ಕಥೆ. ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದನು. ಊರಿನಲ್ಲಿ ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನೂ ಗಂಡುಮಕ್ಕಳ 23 ಪಾಠಶಾಲೆಗಳನ್ನೂ ಕಂಡೆನೆಂದು ಆತ ಬರೆದಿದ್ದಾನೆ. ಆಗ ಅಲ್ಲಿದ್ದ ಸುಲ್ತಾನ ಜಮಾಲುದ್ದೀನನು 52 ಹಡಗುಗಳನ್ನು ಕಟ್ಟಿಕೊಂಡು ಸಂದಾಪುರದ, ಎಂದರೆ ಗೋವೆಯ, ಮೇಲೆ ದಂಡೆತ್ತಿ ಹೋದನು. ಪ್ರವಾಸಿಯೂ ಜೊತೆಯಲ್ಲಿ ಹೊರಟನು. ಆ ಹಡಗುಗಳ ಪೈಕಿ ‘ತರೀದಾ’ ಎಂಬ ಜಾತಿಯವು ಎರಡಿದ್ದವು. ಅವುಗಳ ಹಿಂಭಾಗ ತೆರೆದಿತ್ತು. ಒಳಗೆ ಕುದುರೆಗಳನ್ನು ನಿಲ್ಲಿಸಿದ್ದರು. ಸವಾರರು ಹಡಗಿನೊಳಗೇ ಕುದುರೆಯನ್ನೇರಿ, ಕವಚ ತೊಟ್ಟು, ದಡ ಬಂದೊಡನೆ ಕುದುರೆಯೊಂದಿಗೇ ಹೊರಕ್ಕೆ ಬಂದರು.

ಆ ದೃಶ್ಯವನ್ನು ವಾಚಕರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಲಿ. ಹಡಗು ಹೊಳೆಯನ್ನು ಹಾಯ್ದು ಬಂದಿದೆ. ಹಡಗಿನಿಂದ ಕುದುರೆ ದಡಕ್ಕೆ ಹಾಯ್ದಿದೆ. ಸವಾರನು ಶತ್ರುವಿನ ಮೇಲೆ ಹಾಯ್ದಿದ್ದಾನೆ. ಮೂರಕ್ಕೂ ಕನ್ನಡದಲ್ಲಿ ಒಂದೇ ಮಾತು ಸಾಕು.

ಇಲ್ಲಿ ಒಂದು ಎಚ್ಚರಿಕೆ. ಹಡಗಿನ ‘ಹಾಯಿ’ಯನ್ನೂ ಈ ಗುಂಪಿಗೆ ಸೇರಿಸಿಬಿಡೋಣವೆಂದು ಯಾರಿಗಾದರೂ ಆಸೆಯಾದೀತು, ನನಗೂ ಆಗಿತ್ತು. ಆದರೆ ತಮಿಳು, ಮಲೆಯಾಳಗಳಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು. ಹಿಂದೆ ಹಾಯಿಗಳನ್ನು ಚಾಪೆಯಂತೆ ಹೆಣೆಯುತ್ತಿದ್ದರು. ಆದುದರಿಂದ ಹಡಗಿನ ಹಾಯಿ ಬೇರೆ ಮನೆತನದ್ದು. ಮುಖ ಹೋಲಿದರೂ ನೆಂಟನಲ್ಲ.

ಇಂದಿಗೂ ಹಾಯುತ್ತಿದೆ

ಇಷ್ಟಾದ ಮೇಲೆ ಕಿವಿಯನ್ನು ತೆರೆದಿಟ್ಟುಕೊಂಡು ಕೇಳತೊಡಗಿದೆ. ಹಳೆಯ ಪಾಯ್ ಎಲ್ಲೆಲ್ಲಿಯೂ ಕೇಳಿಸಿತು. ಗೂಳಿ ಹಾಯುತ್ತದೆ, ದೂರ ನಿಲ್ಲು ಎನ್ನುತ್ತಾರೆ ಹಳ್ಳಿಯಲ್ಲಿ. ಹೊರಡುವಾಗ ಬೆಕ್ಕು ಅಡ್ಡ ಹಾಯ್ದಿತೆಂದು ಹಿರಿಯರು ಒಂದು ಗಳಿಗೆ ಕೂರುತ್ತಾರೆ. ದೇವರ ಉತ್ಸವದಲ್ಲಿ ಹರಕೆ ಹೊತ್ತವರು ಕೊಂಡ ಹಾಯುತ್ತಾರೆ. ಕೆಂಡವನ್ನು ತುಳಿಯುವುದೂ ಒಂದು ನೆಗೆತವೇ ತಾನೆ! ಗುಡ್ಡದ ಮೇಲೆ ನಿಂತು ಕಣ್ಣು ಹಾಯುವಷ್ಟು ದೂರ ನೋಡುತ್ತೇವೆ. ದೃಷ್ಟಿಗೂ ಕುದುರೆಯ ಕಾಲು. ಬೆಳಿಗ್ಗೆ ವೃತ್ತಪತ್ರಿಕೆಯನ್ನು ತೆರೆದರೆ ಸಭೆಯಲ್ಲಿ ಒಬ್ಬರ ಮೇಲೊಬ್ಬರು ‘ಹರಿಹಾಯ್ದರು’ ಎಂಬ ಸುದ್ದಿ. ಅದೇ ಪುಟದಲ್ಲಿ ಚಿನ್ನದ ಬೆಲೆ ‘ನಾಗಾಲೋಟ’ದಲ್ಲಿದೆ. ಕುದುರೆ ಕಣ್ಮರೆಯಾದರೂ ಅದರ ಓಟ ಪತ್ರಿಕೆಯಲ್ಲಿ ನಿಂತಿಲ್ಲ.

ರಂಗಸ್ಥಳದಲ್ಲಿಯೂ ನಿಂತಿಲ್ಲ. ಹೊನ್ನಾವರ, ಕುಮಟೆಗಳು ಯಕ್ಷಗಾನದ ತವರು. ಹೊನ್ನಾವರದ ಬಳಿಯ ಗುಣವಂತೆಯ ಕೆರೆಮನೆ ಮೇಳವನ್ನು ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು. ಲಕ್ಷ್ಮೀಶನ ಜೈಮಿನಿ ಭಾರತದ ಅಶ್ವಮೇಧದ ಕಥೆಗಳಾದ ಸುಧನ್ವಾರ್ಜುನ, ಬಭ್ರುವಾಹನ ಮೊದಲಾದ ಪ್ರಸಂಗಗಳೆಂದರೆ ಇಲ್ಲಿಯ ಜನಕ್ಕೆ ಪ್ರೀತಿ. ಯುದ್ಧದ ಪದಕ್ಕೆ ಚೆಂಡೆ ಏರಿದಾಗ ವೇಷಧಾರಿ ನೆಲ ಬಿಟ್ಟು ಸುತ್ತಿ ‘ದಿಗಿಣ’ ಹಾಕುವುದನ್ನು ಕಂಡವರಿಗೆ, ನಿಜವಾದ ಕುದುರೆ ಇಲ್ಲವೆಂಬ ಕೊರತೆ ತೋರುವುದಿಲ್ಲ.

ಶರಾವತಿಯನ್ನು ಈಗ ಹಾಯುವುದು ಸುಲಭ. ಹೆದ್ದಾರಿಯ ಸೇತುವೆಯಿದೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗವು ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯ ಮೇಲೆ ಇಲ್ಲಿ ಹೊಳೆಯನ್ನು ದಾಟುತ್ತದೆ. ಕಿಟಕಿಯ ಬಳಿ ಕುಳಿತವರು ಕೂಗಬೇಕಾದ ಅಂಬಿಗನೂ ಇಲ್ಲ, ಪ್ಲುತವೂ ಇಲ್ಲ.

ತಪ್ಪೊಪ್ಪು

ಮರುವರ್ಷ ಅದೇ ವಿದ್ಯಾರ್ಥಿಗಳಿಗೆ ನಾನು ಮತ್ತೆ ಪಾಠಕ್ಕೆ ಹೋದೆ. ಮೊದಲ ದಿನವೇ ಹಲಗೆಯ ಮೇಲೆ ‘ಪಾಯ್’ ಎಂದು ಬರೆದು, ಕಳೆದ ವರ್ಷ ನಡೆದುದನ್ನು ನೆನಪಿಸಿ, “ಅಂದು ಪ್ರಶ್ನೆ ಕೇಳಿದವಳು ಸರಿ, ನಕ್ಕವರು ತಪ್ಪು, ನಕ್ಕವರಲ್ಲಿ ನಾನೂ ಒಬ್ಬ” ಎಂದೆ. ತರಗತಿ ನಿಶ್ಶಬ್ದವಾಯಿತು. ಅಧ್ಯಾಪಕನು ತಪ್ಪನ್ನು ಒಪ್ಪಿಕೊಂಡರೆ ಗೌರವ ಕಡಿಮೆಯಾಗುವುದೆಂದು ಹಿರಿಯ ಮಿತ್ರರು ಎಚ್ಚರಿಸಿದ್ದರು. ಹಾಗೇನೂ ಆಗಲಿಲ್ಲ.

ಹುಡುಗಿ ಕೂಡಲೇ ಏನನ್ನೂ ಹೇಳಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೊರಟ ಮೇಲೆ ಬಾಗಿಲ ಬಳಿ ನಿಂತು, “ನಮ್ಮ ಅಜ್ಜಿ ಮದುವೆಯಾಗಿ ಬಂದದ್ದನ್ನು ಹೇಳುವಾಗ ‘ಹೊಳೆ ಹಾಯ್ದು ಬಂದೆ’ ಎನ್ನುತ್ತಾಳೆ ಸಾರ್. ಆಗ ಸೇತುವೆ ಇರಲಿಲ್ಲವಂತೆ. ದೋಣಿಯಲ್ಲಿ ಕೂತಾಗ ತುಂಬ ಹೆದರಿದ್ದಳಂತೆ. ಇದನ್ನೂ ಬರೆದುಕೊಳ್ಳಬಹುದೇ?” ಎಂದು ಕೇಳಿದಳು.

ಬರೆದುಕೊಳ್ಳಬೇಕು ಎಂದೆ. ತವರಿನ ದಡ ಬಿಟ್ಟು, ನಡುನೀರಿನಲ್ಲಿ ಹೆದರಿ, ಕಾಣದ ದಡದಲ್ಲಿ ಕಾಲಿಟ್ಟ ಆ ಅಜ್ಜಿಯ ಮಾತಿನಲ್ಲಿ ಪಾಯ್ ಎಂಬುದರ ಅರ್ಥ ನನ್ನ ಹಲಗೆಯ ಮೇಲಿದ್ದುದಕ್ಕಿಂತ ಪೂರ್ಣವಾಗಿತ್ತು.

ಹಳಗನ್ನಡ ಸತ್ತ ಭಾಷೆ, ಕಷ್ಟದ ಭಾಷೆ ಎಂದು ಮಕ್ಕಳು ಹೇಳಿದರೆ ವಾಚಕರು ಅವರನ್ನು ಗದರಿಸದಿರಲಿ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ, ಅವರು ಆಡುವ ಮಾತನ್ನು ಒಂದು ವಾರ ಕಿವಿಗೊಟ್ಟು ಕೇಳಿಸಿಕೊಳ್ಳುವಂತೆ ಹೇಳಲಿ. ನಾನು ನಿಘಂಟನ್ನು ತೆರೆದದ್ದು ಆ ರಾತ್ರಿ. ಹುಡುಗಿ ಅದನ್ನು ಮನೆಯಿಂದಲೇ ತಂದಿದ್ದಳು.